ಗಿರಾಕಿ ಇಲ್ಲದ ಬಲ್ಬು

"ಒಂದೇ ಸಲ ಹತ್ತಿ ಸುಟ್ಟೋದ್ರೆ ಅದು ಬಲ್ಬಲ್ಲ ಅತ್ತೆ, ಪಟಾಕಿ" ಅಂದ ಅಣ್ಣನ ಮಗ. ದೀಪಾವಳಿಯ ಮರುದಿನ. ಅವನ ಕೈಯಲ್ಲಿ ಸುರುಸುರು ಕಡ್ಡಿ, ನನ್ನ ಕೈಯಲ್ಲಿ ಶೇಂಗಾ ಗಾತ್ರದ ಒಂದು ಗಾಜಿನ ಬುರುಡೆ, ಹಳೇ ಕ್ಯಾಮೆರಾದ ಫ್ಲ್ಯಾಶ್ ಬಲ್ಬು. ಯೋಚಿಸಿದರೆ ಅವನು ಹೇಳಿದ್ದು ತಪ್ಪೇನಲ್ಲ. ಎರಡರಲ್ಲೂ ಉರಿಯುವುದು ಲೋಹವೇ. ಅವನದ್ದು ಗಾಳಿಯಲ್ಲಿ ಉರಿಯುತ್ತದೆ, ನನ್ನದು ಗಾಜಿನೊಳಗೆ.

ಬುರುಡೆ ಸಿಕ್ಕಿದ್ದು ದೊಡ್ಡಪ್ಪನ ಮನೆಯ ನಾಗಂದಿಗೆಯಲ್ಲಿ. ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ತುದಿಯಲ್ಲಿದೆ. ನಾನಿರುವುದು ಕಾರವಾರದಲ್ಲಿ. ಹಬ್ಬಕ್ಕೆ ಹೋದರೆ ಏನಾದರೂ ಒಂದು ಕೆಲಸ ತಲೆಗೆ ಬರುತ್ತದೆ. ಈ ಸಲ ನಾಗಂದಿಗೆ ಖಾಲಿ ಮಾಡುವುದು. ಹುಳ ತಿಂದ ಪಂಚಾಂಗ, ಕಿವಿ ಮುರಿದ ತಪ್ಪಲೆ, ಅವುಗಳ ಹಿಂದೆ ಬಿಸ್ಕೀಟಿನ ದೊಡ್ಡ ತಗಡಿನ ಡಬ್ಬಿ. ಎತ್ತಿದರೆ ಒಳಗೆ ಗಾಜು ಟಿಣ್ ಅಂದಿತು.

"ಕೂಸೇ, ಅದ್ನ ಅಲ್ಲಾಡ್ಸಡ" ಅಂದಳು ದೊಡ್ಡಾಯಿ ಕೆಳಗಿನಿಂದ. "ಅದು ಅವ್ರ ಬಲ್ಬು."

ದೊಡ್ಡಪ್ಪನಿಗೆ ಶಿರಸಿ ಪೇಟೆಯಲ್ಲಿ ಸ್ಟುಡಿಯೋ ಇತ್ತು. ಅವನು ಹೋಗಿ ಎಷ್ಟೋ ವರ್ಷ ಆಯಿತು. ಕ್ಯಾಮೆರಾ ಅಣ್ಣನ ಕಪಾಟಿನಲ್ಲಿದೆ, ಯಾಶಿಕಾ-ಮ್ಯಾಟ್, ಎರಡು ಲೆನ್ಸಿನದ್ದು. ಬಲ್ಬುಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮೊರದಲ್ಲಿ ಹಳೇ ಪಂಚೆ ಹಾಸಿ ಒಂದೊಂದೇ ಇಳಿಸಿದೆ. ಒಟ್ಟು 14.

ಇವುಗಳನ್ನು ಗುರುತು ಹಿಡಿಯಲು ಮೊದಲು ಬುಡ ನೋಡಬೇಕು. ಮನೆಯ ಬಲ್ಬಿನ ಹಾಗೆ ದಪ್ಪ ಸ್ಕ್ರೂ ಇದ್ದರೆ ಅದು ಹಳೇ ಕಾಲದ, ದೊಡ್ಡ ಗಾತ್ರದ ಬಲ್ಬು. ನಮ್ಮ ಡಬ್ಬಿಯಲ್ಲಿ ಅಂಥದ್ದು ಇರಲಿಲ್ಲ. ಬುಡದ ಪಕ್ಕ ಎರಡು ಸಣ್ಣ ಪಿನ್ನು ಚಾಚಿಕೊಂಡಿದ್ದರೆ, ಕಾರಿನ ಹಿಂದಿನ ದೀಪದ ಬಲ್ಬಿನ ಹಾಗೆ ಒತ್ತಿ ತಿರುಗಿಸಿ ಕೂರಿಸುವುದು. ಅಂಥವು ನಾಲ್ಕಿದ್ದವು, ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕವು. ಸಿಲ್ವೇನಿಯಾ ಪ್ರೆಸ್ 25. ಪತ್ರಿಕೆಯ ಫೋಟೋಗ್ರಾಫರುಗಳಿಗೆ ಅಂತ ಮಾಡಿದ್ದಕ್ಕೇ ಆ ಹೆಸರು. ಇನ್ನು ಎಂಟಕ್ಕೆ ತಗಡಿನ ಬುಡವೇ ಇಲ್ಲ. ಬರೀ ಗಾಜು, ಅದರಿಂದ ಹೊರಬಂದ ಎರಡು ತಂತಿಗಳನ್ನು ಆಚೀಚೆ ಮಡಚಿಟ್ಟಿದ್ದಾರೆ. ಫಿಲಿಪ್ಸ್ ಪಿಎಫ್ 1. ಕೊನೆಗೆ ಎರಡು ನೀಲಿ ಬುರುಡೆ, ಶೇಂಗಾ ಗಾತ್ರದವು. ಅದು ಎಜಿ-1. 1958ರಲ್ಲಿ ಬಂದದ್ದು. ಅಮೆರಿಕದವರೂ ಅದನ್ನು ಶೇಂಗಾ ಬಲ್ಬು ಅಂತಲೇ ಕರೆಯುತ್ತಿದ್ದರಂತೆ.

ನೀಲಿ ಯಾಕೆ ಅಂತ ಹುಡುಗ ಕೇಳಿದ. ಚೆಂದಕ್ಕಲ್ಲ. ಉರಿಯುವ ಲೋಹದ ಬೆಳಕು ಹಗಲಿನ ಬೆಳಕಿಗಿಂತ ಹಳದಿ. ಕಪ್ಪು-ಬಿಳುಪು ಫಿಲ್ಮಿಗೆ ಅದರಿಂದ ತೊಂದರೆ ಇಲ್ಲ. ಹಗಲಿಗೆ ಮಾಡಿದ ಕಲರ್ ಫಿಲ್ಮು ಹಾಕಿದರೆ ಮದುಮಕ್ಕಳಿಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಅದಕ್ಕೆ ಗಾಜಿನ ಮೇಲೆ ನೀಲಿ ಲೇಪ. ಲೇಪ ಸ್ವಲ್ಪ ಬೆಳಕು ತಿನ್ನುತ್ತದೆ. ಹಾಗಾಗಿ ಕಪ್ಪು-ಬಿಳುಪಿಗೆ ನೀಲಿ ಬಲ್ಬು ಸುಡುವುದು ದಂಡ. ಕಲರ್ ಬರುತ್ತದೆ ಅಂತ ದೊಡ್ಡಪ್ಪ ಆ ಎರಡನ್ನು ತರಿಸಿಟ್ಟಿರಬೇಕು. ಬಳಸಲಿಲ್ಲ.

ಬಿಸಿಲಿಗೆ ಹಿಡಿದರೆ ಪ್ರೆಸ್ 25ರ ಒಳಗೆ ಕೂದಲಿಗಿಂತ ತೆಳು ತಂತಿ ಜೇಡರ ಬಲೆಯ ಹಾಗೆ ತುಂಬಿಕೊಂಡಿದೆ. ಅಲ್ಯೂಮಿನಿಯಂ. ಮೊದಮೊದಲಿನ ಬಲ್ಬುಗಳಲ್ಲಿ ಮುದುಡಿದ ತೆಳು ಹಾಳೆ ಇರುತ್ತಿತ್ತು. ಸಣ್ಣ ಬಲ್ಬುಗಳು ಬಂದಾಗ ಜಿರ್ಕೋನಿಯಂ ಎಳೆ ತುಂಬಿದರು, ಕಡಿಮೆ ಜಾಗದಲ್ಲಿ ಜಾಸ್ತಿ ಬೆಳಕಿಗೆ. ಬುರುಡೆಯೊಳಗೆ ಇರುವುದು ಆಮ್ಲಜನಕ. ನಡುವೆ ಮದ್ದು ಹಚ್ಚಿದ ಸಣ್ಣ ಫಿಲಮೆಂಟು. ಬ್ಯಾಟರಿ ತಾಗಿದ ಕೂಡಲೇ ಮದ್ದು ಸಿಡಿದು ಕಿಡಿ ಹಾರುತ್ತದೆ, ತಂತಿಯೆಲ್ಲ ಒಟ್ಟಿಗೆ ಉರಿಯುತ್ತದೆ, ಅಷ್ಟೇ. ಗಾಜು ಒಡೆದರೂ ಚೂರು ಹಾರಬಾರದು ಅಂತ ಹೊರಗೆ ದಪ್ಪ ಪ್ಲಾಸ್ಟಿಕ್ಕಿನಂಥ ಲೇಪ ಇರುತ್ತದೆ. ಆ ಲೇಪ ಕಿತ್ತು ಬಂದಿದ್ದರೆ ಬಲ್ಬು ಬಳಸಬಾರದು. ಹಾಗೆಯೇ ಸರಿ ಇದೆಯೋ ಇಲ್ಲವೋ ಅಂತ ಮಲ್ಟಿಮೀಟರ್ ಹಿಡಿದು ನೋಡಬಾರದು. ಮೀಟರಿನಿಂದ ಹೋಗುವ ಚೂರು ಕರೆಂಟೇ ಅದಕ್ಕೆ ಸಾಕಾಗಬಹುದು. ಕೈಯಲ್ಲಿ ಹಿಡಿದಿರುವಾಗ ಹತ್ತಿದರೆ ಬೆರಳಿನ ಕಥೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಲ್ವೇನಿಯಾದವರ ಚುಕ್ಕೆ. ಬುರುಡೆಯ ಒಳಗೆ ಹಣೆಬೊಟ್ಟಿನ ಹಾಗೆ ಒಂದು ನೀಲಿ ಚುಕ್ಕೆ ಇಟ್ಟಿದ್ದಾರೆ. ಅದು ಕೋಬಾಲ್ಟ್ ಕ್ಲೋರೈಡ್. ಒಣಗಿದ್ದಾಗ ನೀಲಿ, ಹಸಿ ತಾಗಿದರೆ ಗುಲಾಬಿ. ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು ಹೊರಗಿನ ಗಾಳಿ ನುಗ್ಗಿದ್ದರೆ ಚುಕ್ಕೆ ಹೇಳಿಬಿಡುತ್ತದೆ. ಬಿರುಕು ಬಿಟ್ಟ ಬಲ್ಬು ಹತ್ತಿಸಿದರೆ ಒಡೆದು ಸಿಡಿಯುವ ಭಯ. ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಬಣ್ಣದಾಟ ಹೊಸದಲ್ಲ. ಕಾರವಾರದಲ್ಲಿ ಜೂನ್ ಬಂತೆಂದರೆ ಲೆನ್ಸಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡುತ್ತೇವೆ. ನೀಲಿ ಹರಳು ವಾರದೊಳಗೆ ಗುಲಾಬಿಯಾಗುತ್ತದೆ, ಬಾಣಲೆಯಲ್ಲಿ ಹುರಿದರೆ ಮತ್ತೆ ನೀಲಿ. ಮರೆತರೆ ಆಗಸ್ಟಿನ ಹೊತ್ತಿಗೆ ಲೆನ್ಸಿನೊಳಗೆ ಬೂಷ್ಟು. ಅದೇ ಹರಳಿನ ವಿದ್ಯೆ ಈ ಬುರುಡೆಯೊಳಗೂ ಇದೆ. ನಾಲ್ಕು ಪ್ರೆಸ್ 25ರಲ್ಲಿ ಮೂರರ ಚುಕ್ಕೆ ಇನ್ನೂ ನೀಲಿ. ಒಂದರದ್ದು ಮಾತ್ರ ತಾವರೆ ಬಣ್ಣಕ್ಕೆ ತಿರುಗಿತ್ತು. ಅದನ್ನು ಬೇರೆ ಎತ್ತಿಟ್ಟೆ. ಹದಿಮೂರು ಉಳಿಯಿತು.

ಬಲ್ಬಿಗೂ ಮೊದಲು ಇದ್ದದ್ದು ಪುಡಿ. 1887ರಲ್ಲಿ ಜರ್ಮನಿಯ ಇಬ್ಬರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿದರು. ತಟ್ಟೆಯಲ್ಲಿ ಹರಡಿ ಬೆಂಕಿ ಕೊಡುವುದು. ಮನೆ ತುಂಬ ಹೊಗೆ, ಕೆಲವೊಮ್ಮೆ ಫೋಟೋಗ್ರಾಫರನ ಹುಬ್ಬೂ ಹೋಗುತ್ತಿತ್ತು. 1929ರಲ್ಲಿ ಜರ್ಮನಿಯಲ್ಲೇ ವ್ಯಾಕುಬ್ಲಿಟ್ಜ್ ಎಂಬ ಬಲ್ಬು ಮಾರಾಟಕ್ಕೆ ಬಂತು. ಹೊಗೆ ಇಲ್ಲ, ಸದ್ದಿಲ್ಲ. ನಮ್ಮ ಕಡೆಗೆ ಮುಖ್ಯವಾದದ್ದು ಇನ್ನೊಂದು. ಇದಕ್ಕೆ ಮನೆಯಲ್ಲಿ ಕರೆಂಟು ಬೇಕಿರಲಿಲ್ಲ. ಜೇಬಿನಲ್ಲಿ ಹಿಡಿಸುವ ಬ್ಯಾಟರಿ ಸಾಕು. ಲಾಟೀನಿನ ಊರಿನಲ್ಲಿ ರಾತ್ರಿ ಮದುವೆಯ ಫೋಟೋ ಹೊಡೆಯಲು ಬೇರೆ ದಾರಿ ಯಾವುದಿತ್ತು?

ದೊಡ್ಡಪ್ಪನ ಬಲ್ಬು ಮುಂಬಯಿಯಿಂದ ಬರುತ್ತಿತ್ತಂತೆ. ಜಿಲ್ಲೆ 1956ರವರೆಗೆ ಮುಂಬಯಿಗೇ ಸೇರಿತ್ತಲ್ಲ. ಮೈಸೂರು ರಾಜ್ಯಕ್ಕೆ ಬಂದ ಮೇಲೂ ಅಡಿಕೆಯವರ, ಅಂಗಡಿಯವರ ಕಾಲು ಆ ಕಡೆಗೇ ಹೋಗುತ್ತಿತ್ತು.

ಡಬ್ಬಿಯ ತಳದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು, ಅಡಿಕೆ ಅಂಗಡಿಯವರು ಇಡುವಂಥದ್ದು. 1961ರಿಂದ 1976ರವರೆಗೆ ಸುಟ್ಟ ಪ್ರತಿ ಬಲ್ಬೂ ಅದರಲ್ಲಿದೆ. ತಾರೀಕು, ಊರು, ಬಲ್ಬಿನ ಜಾತಿ, ಎಷ್ಟು ಹೆಜ್ಜೆ, ಲೆನ್ಸಿನ ಕಿಂಡಿ ಎಷ್ಟು, ಕೊನೆಗೆ ಗಿರಾಕಿಯ ಹೆಸರು. ಫೋಟೋದ ದುಡ್ಡು ಬೇರೆ, ಬಲ್ಬಿನ ದುಡ್ಡು ಬೇರೆ. ಇದರ ಮೇಲೆ ಎಷ್ಟು ಜಗಳ ಆಗಿದೆಯೋ ಅಂತ ದೊಡ್ಡಾಯಿ ಈಗಲೂ ನಗುತ್ತಾಳೆ. "ಬೆಳಕಿಗೂ ದುಡ್ಡಾ?" ಅಂತ ಕೇಳುತ್ತಿದ್ದರಂತೆ ಜನ.

ಹೆಜ್ಜೆಯ ಲೆಕ್ಕ ಯಾಕೆ ಅಂದರೆ, ಬಲ್ಬಿನ ಪೆಟ್ಟಿಗೆಯ ಮೇಲೆ ಒಂದು ಗೈಡ್ ನಂಬರು ಇರುತ್ತಿತ್ತು. ಫಿಲ್ಮಿನ ವೇಗಕ್ಕೆ ಒಂದು, ಶಟರಿನ ವೇಗಕ್ಕೆ ಒಂದು, ಹೀಗೆ ಸಣ್ಣ ಮಗ್ಗಿ. ಆ ನಂಬರನ್ನು ಅಡಿಯ ದೂರದಿಂದ ಭಾಗಿಸಿದರೆ ಲೆನ್ಸಿನ ಕಿಂಡಿ ಎಷ್ಟು ಇಡಬೇಕು ಅಂತ ಬರುತ್ತದೆ. ನಂಬರು 120, ಮದುಮಗಳು 15 ಅಡಿ ದೂರ, ಆಗ ಎಫ್ 8. ದೊಡ್ಡಪ್ಪನ ಒಂದು ಹೆಜ್ಜೆಗೆ ಎರಡೂವರೆ ಅಡಿ. ಮಂಟಪದಿಂದ ಹಿಂದೆ ನಡೆಯುತ್ತಾ ಬಾಯಲ್ಲೇ ಎಣಿಸಿ, ಅಲ್ಲೇ ಭಾಗಿಸಿ ಮುಗಿಸುತ್ತಿದ್ದ. ಭಟ್ಟರಿಗೆ ಇವನೂ ಮಂತ್ರ ಹೇಳುತ್ತಿದ್ದಾನೆ ಅಂತ ಕಾಣುತ್ತಿತ್ತೋ ಏನೋ.

ಆದರೆ ಪೆಟ್ಟಿಗೆಯ ಮಗ್ಗಿ ಹಾಕಿದವರು ಬಿಳಿ ಗೋಡೆಯ, ಬಿಳಿ ತಾರಸಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು. ಅಲ್ಲಿ ಬೆಳಕು ಗೋಡೆಗೆ ತಾಗಿ ತಿರುಗಿ ಬರುತ್ತದೆ. ನಮ್ಮ ಜಗಲಿಯಲ್ಲಿ ಏನಿದೆ? ಹೊಗೆ ಹಿಡಿದ ತೊಲೆ, ಎಣ್ಣೆ ಕುಡಿದ ಕಂಬ, ಸಗಣಿ ಸಾರಿಸಿದ ನೆಲ. ಅಂಗಳದಲ್ಲಂತೂ ಅಡಿಕೆ ಸೋಗೆಯ ಚಪ್ಪರ, ಅದರಾಚೆ ಬರೀ ಕತ್ತಲೆ. ಹೋದ ಬೆಳಕು ಹೋಯಿತು. ಮೊದಲ ವರ್ಷದ ಪುಟಗಳಲ್ಲಿ "ಕಪ್ಪು", "ಕಪ್ಪು", "ಮುಖ ಇಲ್ಲ" ಅಂತ ಬರೆದಿದೆ. ಎರಡನೇ ವರ್ಷದಿಂದ ರಟ್ಟಿನ ಒಳಬದಿಯಲ್ಲಿ ದಪ್ಪ ಅಕ್ಷರದಲ್ಲಿ: "ಅಂಗಳ, ಒಂದು ಮನೆ ಬಿಚ್ಚು." ಅಂದರೆ ಲೆಕ್ಕ 8 ಹೇಳಿದರೆ 5.6ಕ್ಕೆ ಇಡು, ನಂಬರು ಇಳಿದಷ್ಟೂ ಕಿಂಡಿ ದೊಡ್ಡದು. ಈ ಒಂದು ಸಾಲು ಕಲಿಯಲು ಅವನು ಎಷ್ಟು ಜನರ ಮದುವೆ ಕಪ್ಪಾಗಿಸಿರಬೇಕು! ಪಾಪ.

ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂದ ವರ್ಷದ ಪುಟಗಳು ಕಿಕ್ಕಿರಿದಿವೆ. ಯಕ್ಷಗಾನದ ಆಟ ಮಾತ್ರ ಎಲ್ಲೂ ಇಲ್ಲ. ಅಷ್ಟು ಆಟ ನೋಡುವ ಮನುಷ್ಯ, ಗ್ಯಾಸ್‌ಲೈಟಿನ ರಂಗಸ್ಥಳಕ್ಕೆ ಒಂದೇ ಒಂದು ಬಲ್ಬು ಹಾಕಿಲ್ಲ. ದುಡ್ಡು ಕೊಡುವವರಿಲ್ಲ ಅಂತಲಾ ಅಂತ ದೊಡ್ಡಾಯಿಯನ್ನು ಕೇಳಿದೆ. ಕುಣಿಯುವವನ ಕಣ್ಣಿಗೆ ಕತ್ತಲೆ ಬರುತ್ತದೆ, ತಾಳ ತಪ್ಪುತ್ತದೆ ಅನ್ನುತ್ತಿದ್ದನಂತೆ. ನಿಜ. ಈ ಪ್ರೆಸ್ 25 ಒಂದರ ಬೆಳಕು ಇವತ್ತಿನ ಕ್ಯಾಮೆರಾ ತಲೆಯ ಮೇಲೆ ಕೂರುವ ಫ್ಲ್ಯಾಶಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹತ್ತಿರ ನಿಂತವರಿಗೆ ನಿಮಿಷದವರೆಗೆ ಕಣ್ಣೆದುರು ಹಸಿರು ಚೆಂಡು ತೇಲುತ್ತದೆ.

ಹದಿನೈದು ವರ್ಷದ ಪುಸ್ತಕದಲ್ಲಿ ಗಿರಾಕಿಯ ಕಾಲಂ ಖಾಲಿ ಇರುವುದು ಒಂದೇ ಸಾಲಿನಲ್ಲಿ. 1968ರ ಡಿಸೆಂಬರ್. ಊರು: "ಮನೆ". ಪ್ರೆಸ್ 25, ಒಂದು. ಹೆಜ್ಜೆ 6. ಗಿರಾಕಿ ಇಲ್ಲ.

ನೆಗೆಟಿವ್ ಎಲ್ಲಿದೆಯೋ. ಪ್ರಿಂಟು ಮಾತ್ರ ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇ, ದೇವರ ಕೋಣೆಯ ಬಾಗಿಲ ಮೇಲಿದೆ. ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿತ. ಇಪ್ಪತ್ತಕ್ಕೂ ಹೆಚ್ಚು ಜನ ಮೆಟ್ಟುಗತ್ತಿಯ ಮೇಲೆ ಕೂತಿದ್ದಾರೆ. ನಡುವೆ ಲಾಟೀನು. ಹಸಿ ಅಡಿಕೆಯ ಗುಡ್ಡೆ, ಸಿಪ್ಪೆಯ ಗುಡ್ಡೆ. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಯಾರೋ ಏನೋ ಹೇಳಿದ್ದಾರೆ, ಅರ್ಧ ಜನ ನಗುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ನಗು ತಡೆಯುತ್ತಿರುವವಳು ದೊಡ್ಡಾಯಿ. ಮದುವೆಯಾಗಿ ಎರಡನೇ ವರ್ಷ.

ಮದುವೆಗೆ ಎಂಟು ಬಲ್ಬು ಒಪ್ಪಿಕೊಂಡು ಏಳರಲ್ಲಿ ಮುಗಿಸಿ ಒಂದು ಉಳಿಸುವ ಮನುಷ್ಯ ಅವನು. ಯಾಕೆ ಸುಟ್ಟ ಅಂತ ಕೇಳಿದರೆ ದೊಡ್ಡಾಯಿ, "ಯಂಗೆಂತ ಗೊತ್ತಿದ್ದು, ಅವ್ರು ಹೇಳ್ಕಂಡು ಮಾಡ್ತಿದ್ವಾ?" ಅಂದಳು.

ನಾನು ಒಂದಾದರೂ ಬಲ್ಬು ಹೊಡೆಯಬೇಕು ಅಂತ ಆಗಲೇ ನಿಶ್ಚಯ ಮಾಡಿಬಿಟ್ಟೆ.

ಬಲ್ಬು ಕೂರಿಸಿ ಹತ್ತಿಸುವ ಫ್ಲ್ಯಾಶ್‌ಗನ್ನು ಚೆನ್ನಾಗಿತ್ತು, ಬೀಸಣಿಗೆಯ ಹಾಗೆ ಬಿಚ್ಚುವ ತಗಡಿನ ರಿಫ್ಲೆಕ್ಟರಿನದ್ದು. ಅದರೊಳಗಿನ 22.5 ವೋಲ್ಟಿನ ಬ್ಯಾಟರಿ ಸೋರಿ ಹಸಿರು ಉಪ್ಪಾಗಿತ್ತು. ಬ್ಯಾಟರಿಯಿಂದ ಒಂದು ಕೆಪಾಸಿಟರ್ ತುಂಬಿ, ಕೆಪಾಸಿಟರಿನಿಂದ ಬಲ್ಬು ಹತ್ತುವ ಏರ್ಪಾಡು ಅದು. ಬ್ಯಾಟರಿ ಸ್ವಲ್ಪ ಸುಸ್ತಾಗಿದ್ದರೂ ಬಲ್ಬು ಕೈಕೊಡಬಾರದು ಅಂತ. ಕಾರವಾರಕ್ಕೆ ತಂದು ಕೋಡಿಬಾಗದ ಒಬ್ಬ ರೇಡಿಯೋ ರಿಪೇರಿಯವರಿಗೆ ತೋರಿಸಿದೆ. ಅವರು ಕೆಪಾಸಿಟರ್ ಬದಲಿಸಿದರು. ಬ್ಯಾಟರಿಗೆ ಉಪಾಯ ನಾನೇ ಮಾಡಿದೆ. ಗೇಟಿನ ರಿಮೋಟಿಗೆ ಹಾಕುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಎರಡನ್ನು ಒಂದರ ಹಿಂದೊಂದು ಕಾಗದದ ಕೊಳವೆಯಲ್ಲಿ ಸುತ್ತಿದೆ. 24 ವೋಲ್ಟ್ ಆಯಿತು. ಬಲ್ಬಿನ ಬದಲು ಟಾರ್ಚಿನ ಪುಟ್ಟ ಬಲ್ಬು ಹಿಡಿದು ಪರೀಕ್ಷೆ ಮಾಡಿದೆ, ಮಿಣಕ್ ಅಂತು. ಬಲ್ಬಿನ ಬುಡದ ಕಿಲುಬನ್ನೂ ಪೆನ್ಸಿಲಿನ ರಬ್ಬರಿನಲ್ಲಿ ತಿಕ್ಕಿ ತೆಗೆದೆ. ಹಳೇ ಬಲ್ಬು ಹತ್ತದಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪು ಈ ಕಿಲುಬಿನದ್ದೇ ಅನ್ನುವುದು ನನ್ನ ಗುಮಾನಿ.

ಇಷ್ಟೆಲ್ಲ ಜಾಣತನ ಮಾಡಿ ಮೊದಲ ಬಲ್ಬು ಹಾಳು ಮಾಡಿದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹೇಳಿಕೊಳ್ಳಲು ನಾಚಿಕೆ.

ನಡೆದದ್ದು ಇಷ್ಟು. ಯಾಶಿಕಾದ ಲೆನ್ಸಿನ ಪಕ್ಕ ಒಂದು ಸಣ್ಣ ಕಡ್ಡಿ ಇದೆ, ಅದಕ್ಕೆ ಎಂ, ಎಕ್ಸ್, ವಿ ಅಂತ ಮೂರು ಗುರುತು. ವಿ ಅಂದರೆ ಸೆಲ್ಫ್ ಟೈಮರು. ಹಳೇ ಕ್ಯಾಮೆರಾದಲ್ಲಿ ಅದನ್ನು ಮುಟ್ಟಬೇಡಿ, ಸಿಕ್ಕಿಕೊಂಡರೆ ಶಟರೇ ನಿಲ್ಲುತ್ತದೆ. ಎಕ್ಸ್ ಇರುವುದು ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ. ಅದು ಹೇಳಿದ ಕ್ಷಣಕ್ಕೇ ಮಿಂಚಿ ಮುಗಿಯುತ್ತದೆ. ಬಲ್ಬು ಹಾಗಲ್ಲ. ಮದ್ದು ಹತ್ತಬೇಕು, ತಂತಿ ಉರಿ ಹಿಡಿಯಬೇಕು, ತುಂಬು ಬೆಳಕಿಗೆ ಬರಲು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಬೇಕು. ನಮಗೆ ಅದು ಏನೂ ಅಲ್ಲ, ಶಟರಿಗೆ ಅದು ಒಂದು ಯುಗ. ಎಂ ಗುರುತಿಗೆ ಇಟ್ಟರೆ ಕ್ಯಾಮೆರಾ ಮೊದಲು ಬಲ್ಬು ಹತ್ತಿಸಿ, ಅಷ್ಟು ಹೊತ್ತು ಕಾದು, ಆಮೇಲೆ ಶಟರ್ ತೆರೆಯುತ್ತದೆ. ನಾನು ಎಕ್ಸ್‌ಗೆ ಇಟ್ಟು, ಶಟರನ್ನು 1/125 ಸೆಕೆಂಡಿಗೆ ಇಟ್ಟು, ಟ್ಯಾಗೋರ್ ಬೀಚಿನ ಗಾಳಿಮರದ ಕೆಳಗೆ ಗಂಡನನ್ನು ನಿಲ್ಲಿಸಿ ಪಿಎಫ್ 1 ಒಂದನ್ನು ಹೊಡೆದೆ. ಬೆಳಕು ಬರುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ನಾಯಿ ಬೆಚ್ಚಿ ಓಡಿತು, ಗಂಡ ಕಣ್ಣು ಉಜ್ಜಿಕೊಂಡ, ಫಿಲ್ಮು ಖಾಲಿ. ಎಕ್ಸ್ ಒಂದೇ ಇರುವ ಕ್ಯಾಮೆರಾ ಆದರೆ ಶಟರನ್ನು 1/30 ಅಥವಾ ಅದಕ್ಕಿಂತ ನಿಧಾನ ಇಡಬೇಕು, ಆಗ ಬಾಗಿಲು ತೆರೆದಿರುವಾಗಲೇ ಬೆಳಕು ಬಂದು ಹೋಗುತ್ತದೆ. ಈಗ ಗೊತ್ತಾಯಿತು. ಹನ್ನೆರಡು ಉಳಿಯಿತು.

ಅದೇ ಹೊತ್ತಿಗೆ ವಿನ್‌ಸ್ಟನ್ ಲಿಂಕ್ ಎಂಬ ಅಮೆರಿಕದವನ ಬಗ್ಗೆ ಓದುತ್ತಿದ್ದೆ. ಉಗಿಬಂಡಿಗಳು ನಿಲ್ಲುವ ಮೊದಲು ಅವುಗಳ ರಾತ್ರಿ ಫೋಟೋ ತೆಗೆಯುವ ಹುಚ್ಚು ಅವನಿಗೆ. 1956ರ ಆಗಸ್ಟಿನಲ್ಲಿ ಒಂದೇ ಚಿತ್ರಕ್ಕೆ 43 ಬಲ್ಬುಗಳನ್ನು ತಂತಿಯಲ್ಲಿ ಕೂಡಿಸಿಟ್ಟ. ಬಯಲು ಟಾಕೀಸಿನಲ್ಲಿ ಕಾರೊಳಗೆ ಕೂತು ಸಿನೆಮಾ ನೋಡುವ ಜೋಡಿ, ಹಿಂದೆ ಹೊಗೆ ಉಗುಳುತ್ತಾ ಓಡುವ ರೈಲು. ರೈಲಿಗೆ ಮತ್ತೊಮ್ಮೆ ಬಾ ಅನ್ನಲು ಬರುತ್ತದೆಯೇ? ನಾನು ಒಂದು ಬಲ್ಬಿಗೆ ಎರಡು ದಿನ ಅತ್ತಿದ್ದೆ.

ಮುಂದಿನ ಬಲ್ಬಿಗೆ ಡಿಸೆಂಬರ್‌ವರೆಗೆ ಕಾದೆ. ಈಗ ಊರಿನಲ್ಲಿ ಅಡಿಕೆ ಸುಲಿಯಲು ಯಂತ್ರ ಬಂದಿದೆ. ಅಣ್ಣನ ಮನೆಯಲ್ಲೂ ಇದೆ, ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ರಾತ್ರಿ ಇಪ್ಪತ್ತು ಜನ ಕೂರುವ ಮಾತೇ ಇಲ್ಲ. ಆದರೂ ಯಂತ್ರ ಕಚ್ಚಿ ಬಿಟ್ಟ ಅಡಿಕೆ ಒಂದಿಷ್ಟು ಉಳಿಯುತ್ತದೆ. ಅದನ್ನು ದೊಡ್ಡಾಯಿ, ಅತ್ತಿಗೆ, ಪಕ್ಕದ ಮನೆಯ ಇಬ್ಬರು ಊಟದ ಮೇಲೆ ಕೂತು ಕೈಯಲ್ಲಿ ಸುಲಿಯುತ್ತಾರೆ. ಅಂಗಳದ ಟ್ಯೂಬ್‌ಲೈಟ್ ಆರಿಸಿ ಅಂದೆ. ಅತ್ತಿಗೆ ಮೊಬೈಲಿನ ಟಾರ್ಚು ಅಡಿಕೆ ಬುಟ್ಟಿಗೆ ಒರಗಿಸಿಟ್ಟಳು.

ಪ್ರೆಸ್ 25 ಒಂದನ್ನು ತೆಗೆದು ಚುಕ್ಕೆ ನೋಡಿದೆ, ನೀಲಿ. ಕಡ್ಡಿ ಎಂಗೆ. ಶಟರ್ 1/30. ಫಿಲ್ಮು 100ರದ್ದು. ಹಿಂದೆ ನಡೆದು ಆರು ಹೆಜ್ಜೆ ಎಣಿಸಿದೆ. ಲೆಕ್ಕಕ್ಕೆ 16 ಬಂತು. ರಟ್ಟಿನ ಮೇಲಿನ ಮಾತು ಕೇಳಿ 11ಕ್ಕೆ ಬಿಚ್ಚಿದೆ. ಆಮೇಲೆ ಕಾಯುವುದು. ನೂರು ಫೋಟೋ ಹೊಡೆದು ಒಂದು ಆರಿಸುವ ಕೈ ನನ್ನದು. ಒಂದೇ ಇದೆ ಅಂದಾಗ ಬೆರಳು ಒತ್ತುವುದೇ ಇಲ್ಲ. ಈಗ ಅತ್ತಿಗೆ ಮುಖ ಎತ್ತಿದಳು, ಬೇಡ. ಈಗ ಹುಡುಗ ಅಡ್ಡ ಬಂದ. ಹತ್ತು ನಿಮಿಷ ಆಯಿತು, ಅವರು ನನ್ನನ್ನು ಮರೆತೇಬಿಟ್ಟರು. ಪಕ್ಕದ ಮನೆಯವರ ಆಕಳು ಯಾರದ್ದೋ ತೋಟಕ್ಕೆ ನುಗ್ಗಿದ ಕಥೆ ಶುರುವಾಯಿತು. ದೊಡ್ಡಾಯಿ ಅಡಿಕೆ ಹಿಡಿದ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ ಏನೋ ಸೇರಿಸಿದಳು. ಒತ್ತಿದೆ.

ಸದ್ದು ಫ್ಫಟ್ ಅಂತ ಅಷ್ಟೇ. ತೋಟದ ಮೊದಲ ಸಾಲಿನ ಮರಗಳು, ಮಾಡಿನ ಹೆಂಚು, ಕೊಟ್ಟಿಗೆಯ ಎಮ್ಮೆ, ಎಲ್ಲ ಒಮ್ಮೆ ಬೆಳ್ಳಗೆ ಎದ್ದು ನಿಂತು ಮುಳುಗಿದವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹುಡುಗ "ಪಟಾಕಿ! ನಾ ಹೇಳಿದ್ನಲ್ಲ!" ಅಂತ ಕುಣಿದ. ಬಲ್ಬು ಆರುವವರೆಗೆ ಮುಟ್ಟದೆ, ಆಮೇಲೆ ತೆಗೆದು ಅವನ ಅಂಗೈಯಲ್ಲಿಟ್ಟೆ. ಗಾಜು ಬೆಳ್ಳಗೆ ಬೊಕ್ಕೆ ಎದ್ದಿತ್ತು, ಒಳಗೆ ಬಲೆಯ ಬದಲು ಬೂದಿಯ ಸಣ್ಣ ಮಣಿಗಳು. ದೊಡ್ಡಪ್ಪ ಬಂದ ರಾತ್ರಿಯ ಮರುದಿನ ಮದುವೆಮನೆ ಅಂಗಳದಲ್ಲಿ ಇಂಥದ್ದಕ್ಕೆ ಮಕ್ಕಳು ಹೊಡೆದಾಡುತ್ತಿದ್ದರಂತೆ.

ಫಿಲ್ಮು ಬೆಂಗಳೂರಿಗೆ ಹೋಗಿ ಬರಲು ಮೂರು ವಾರ. ಪ್ರಿಂಟು ಹಿಡಿದು ಸಂಕ್ರಾಂತಿಗೆ ಹೋದೆ. ಹಳೇದರ ಹಾಗೆ ಬಂದಿಲ್ಲ. ಬಲಗಡೆ ಸ್ವಲ್ಪ ಜಾಸ್ತಿ ಬೆಳಕು ಬಿದ್ದು ಅತ್ತಿಗೆಯ ಸೀರೆ ಬರೀ ಬಿಳಿ. ಹಳೇ ಚಿತ್ರದಲ್ಲಿ ಜನ ಇದ್ದ ಜಾಗದಲ್ಲಿ ಇದರಲ್ಲಿ ಪ್ಲಾಸ್ಟಿಕ್ ಕುರ್ಚಿ. ದೊಡ್ಡಾಯಿ ಮಾತ್ರ ಚೆನ್ನಾಗಿ ಬಂದಿದ್ದಾಳೆ, ಕೈ ಗಾಳಿಯಲ್ಲಿ, ಬಾಯಿ ಅರ್ಧ ತೆರೆದು.

ಅವಳು ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಹೋಗಿ, ತುಂಬ ಹೊತ್ತು ನೋಡಿದಳು. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿದಳು.

"ಎಷ್ಟಾತು?" ಅಂದಳು. "ಬಲ್ಬಿನ ದುಡ್ಡು ಬೇರೆ ಕೊಡವಾ ಕೂಸೇ?"